ಫಟಫಟಿಯ ಆಯಸ್ಸು ಹೇಳುತ್ತಿದ್ದ ಬಸ್ರಾ ಗಾಳೆಪ್ಪ

ಹೊಸಪೇಟೆಯ ಸ್ಟೇಷನ್ ರಸ್ತೆಯಲ್ಲಿ ನನ್ನದು ಎಣ್ಣೆ ಅಂಗಡಿ, ಪಕ್ಕದ್ದು ಗಾಳೆಪ್ಪನ ಕುಲುಮೆ. ಇಪ್ಪತ್ತೆರಡು ವರ್ಷ ನಮ್ಮಿಬ್ಬರ ನಡುವೆ ಇದ್ದದ್ದು ಒಂದು ತಟ್ಟಿ ಗೋಡೆ ಮಾತ್ರ. ಅವನು ಸುತ್ತಿಗೆ ಬೀಸಿದರೆ ನನ್ನ ಎಣ್ಣೆ ಡಬ್ಬಿಗಳು ನಡುಗುತ್ತಿದ್ದವು. ನಾನು ಗಿರಾಕಿಯ ಜೊತೆ ಜಗಳಕ್ಕೆ ನಿಂತರೆ ಅವನು ಸುತ್ತಿಗೆ ಕೆಳಗಿಟ್ಟು ಕಿವಿಗೊಡುತ್ತಿದ್ದ. ಈ ಉಜ್ಜಿನಪ್ಪನ ಬಾಯಿ ದೊಡ್ಡದು ಎಂದು ಊರೆಲ್ಲ ಆಡಿಕೊಳ್ಳುತ್ತದೆ, ಅದು ನಿಜವೇ. ಆದರೆ ಆ ದೊಡ್ಡ ಬಾಯಿ ಬೇಕಾದ ಹೊತ್ತಿನಲ್ಲಿ ಏನು ಮಾಡಿತು ಎಂಬುದು ಊರಿಗೆ ಗೊತ್ತಿಲ್ಲ. ಅದನ್ನು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಗಾಳೆಪ್ಪನ ಅಪ್ಪ ಕಬ್ಬಿನ ಗಾಣಗಳಿಗೆ ಕಬ್ಬಿಣದ ಪಟ್ಟಿ ಹೊಡೆಯುತ್ತಿದ್ದವನು. ಜರ್ಮನಿಯ ಮೇಲಿನ ಮೊದಲ ಯುದ್ಧದಲ್ಲಿ ಕಮ್ಮಾರರು ಬೇಕೆಂದು ಸರ್ಕಾರದವರು ಊರೂರಿಗೆ ಬಂದಾಗ ಗಾಳೆಪ್ಪ ಹೆಸರು ಕೊಟ್ಟು ಹಡಗು ಹತ್ತಿದ. ಬಸ್ರಾದಲ್ಲಿ ಮೂರು ವರ್ಷ ಪಲ್ಟಣದ ಮೋಟಾರ್ ಸೈಕಲ್ಲುಗಳನ್ನು ಬಿಚ್ಚಿ ಕಟ್ಟಿದ. ಮರಳಿ ಬಂದಾಗ ಅವನ ಹತ್ತಿರ ಒಂದು ಖಾಕಿ ಕೋಟು, ನಟ್ಟು ಬಿಚ್ಚುವ ಎರಡು ಪಾನಾ, ಮತ್ತು ನಮ್ಮ ಕಡೆ ಯಾರಿಗೂ ಇಲ್ಲದ ಒಂದು ವಿದ್ಯೆ ಇತ್ತು. ಕೈ ಬದಲಾದ ಫಟಫಟಿ ಇನ್ನೆಷ್ಟು ದಿನ ಬಾಳುತ್ತದೆ ಎಂದು ಅವನು ಹೇಳಬಲ್ಲವನಾಗಿದ್ದ.

ಆಗ ನಮ್ಮ ಕಡೆ ಹೊಸ ಫಟಫಟಿ ಕೊಳ್ಳುವವರು ಎಲ್ಲಿದ್ದರು? ಸರ್ವೆಯ ದೊರೆಗಳು, ಅದಿರಿನ ಗುತ್ತಿಗೆದಾರರು ಓಡಿಸಿ ಬಿಟ್ಟ ಸಣ್ಣ ಗಾಡಿಗಳೇ ಸಂಡೂರು, ಕಂಪ್ಲಿ, ಹೊಸಪೇಟೆಯ ಜನರ ಕೈಗೆ ಬರುತ್ತಿದ್ದವು. ಕೊಳ್ಳುವ ಮುಂಚೆ ಎಲ್ಲರೂ ಗಾಳೆಪ್ಪನ ಹತ್ತಿರ ತಳ್ಳಿಕೊಂಡು ಬರುತ್ತಿದ್ದರು. ಅವನಲ್ಲಿ ಒಂದು ಮೊಳ ಉದ್ದದ ಜಾಲಿ ಕಡ್ಡಿ ಇತ್ತು. ಇಂಜಿನ್ ಚಾಲೂ ಮಾಡಿಸಿ, ಕಡ್ಡಿಯ ಒಂದು ತುದಿಯನ್ನು ಇಂಜಿನ್ನಿಗೆ ಒತ್ತಿ, ಇನ್ನೊಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಕಣ್ಣು ಮುಚ್ಚುತ್ತಿದ್ದ. ಕಬ್ಬಿಣದ ಒಳಗಿನ ಸದ್ದು ಹಲ್ಲಿನ ಮೂಲಕ ತಲೆಗೆ ಬರುತ್ತದಂತೆ. ಆಮೇಲೆ ಹಳೆಯ ಎಣ್ಣೆಯನ್ನು ಎರಡು ಬೆರಳಿನ ನಡುವೆ ತಿಕ್ಕಿ ನೋಡುತ್ತಿದ್ದ. ಎಣ್ಣೆ ಕೆಂಪಗಿದ್ದರೆ ಗಾಡಿ ಸಂಡೂರಿನ ಅದಿರು ದೂಳು ಕುಡಿದಿದೆ ಎಂದು ಅರ್ಥ. ಕೊನೆಗೆ ಇಂಜಿನ್ ನಿಲ್ಲಿಸಿ, ಕಡ್ಡಿಯನ್ನು ಚೌಕಟ್ಟಿಗೆ ಒತ್ತಿ, ಸಣ್ಣ ಸುತ್ತಿಗೆಯಿಂದ ಅಲ್ಲಲ್ಲಿ ಬಡಿಯುತ್ತಿದ್ದ.

"ಸಣ್ಣ ಗಾಡಿ ಅಗಸರ ಕತ್ತಿ ಇದ್ದಂಗ," ಎನ್ನುತ್ತಿದ್ದ. "ಹೊರ್ತೈತಿ, ಹೊರ್ತೈತಿ, ಒಂದಿನ ಕುಂತು ಬಿಡ್ತೈತಿ. ಬಯಲು ಸೀಮ್ಯಾಗ ಒಬ್ಬನೇ ಓಡಿಸಿದ್ರ ಹನ್ನೆರಡು ವರ್ಷ. ಸಂಡೂರು ಘಟ್ಟ ಹತ್ತಿಸಿದ್ರ ಐದು. ಹಿಂದ ಹೆಂಡ್ತಿನ್ನ ಕುಂದ್ರಿಸಿಕೊಂಡು ಹತ್ತಿಸಿದ್ರ ನಾಕು." ಆಮೇಲೆ ನಗು ಬಿಟ್ಟು ಹೇಳುತ್ತಿದ್ದ: "ಗಾಡಿಗೆ ಎರಡು ಜೀವ ಇರ್ತಾವ, ಉಜ್ಜಿನಪ್ಪ. ಇಂಜಿನ್ನಿಂದು ಒಂದು, ಚೌಕಟ್ಟಿಂದು ಒಂದು. ಇಂಜಿನ್ ಸತ್ರ ನಡಕೊಂತ ಮನಿಗೆ ಬರ್ತೀ. ಚೌಕಟ್ಟು ಸತ್ರ ನಿನ್ನ ಹೊತ್ಕೊಂಡು ಬರ್ತಾರ."

ವರ್ಷ, ತಿಂಗಳು ಎಂದು ಅವನು ಹೇಳುತ್ತಿರಲಿಲ್ಲ. ಪಂಚಾಂಗದ ಮಳೆಯ ಹೆಸರು ಹೇಳುತ್ತಿದ್ದ. "ಎರಡು ಉತ್ತರಿ ಮಳಿ ನೋಡ್ತೈತಿ", "ಮುಂದಿನ ಮಗಿ ಮಳಿಗೆ ಪಿಸ್ಟನ್ ಉಂಗುರ ಹೋಗ್ತಾವ", ಹೀಗೆ. ಹೇಳಿದ್ದು ಹೆಚ್ಚೂಕಡಿಮೆ ಹಾಗೇ ಆಗುತ್ತಿತ್ತು. ಆಗಬೇಕಾದ್ದೇ. ಅದು ಲೆಕ್ಕ ಹಾಕಿ ಆಡಿದ ಮಾತು, ಕಣಿಯಲ್ಲ. ಇಷ್ಟು ಸಣ್ಣ ವಿಷಯ ನಮ್ಮ ಜನರ ತಲೆಗೆ ಹೋಗಲಿಲ್ಲ ಎಂದು ನೆನೆದರೆ ನನಗೆ ಈಗಲೂ ಸಿಟ್ಟು ನೆತ್ತಿಗೇರುತ್ತದೆ.

ಕಂಪ್ಲಿಯ ಬೆಲ್ಲದ ವ್ಯಾಪಾರಿ ಅಂದಾನಪ್ಪ ಒಂದು ಹಳೆಯ ಗಾಡಿ ತಂದಿದ್ದ. ಗಾಳೆಪ್ಪ ಬ್ರೇಕಿನ ಸರಳನ್ನು ಬೆರಳಿನಿಂದ ಸವರಿ, "ಯಪ್ಪಾ, ಇದು ಸ್ವಾತಿ ಮಳಿ ದಾಟಂಗಿಲ್ಲ. ಸರಳು ಬದಲಿ ಮಾಡ್ಸು," ಎಂದ. ಅಂದಾನಪ್ಪ ನಕ್ಕು ಹೋದ. ಸ್ವಾತಿ ಮಳೆಯ ಎರಡನೆಯ ದಿನ ಕಂಪ್ಲಿಯಲ್ಲಿ ಹೊಳೆಗೆ ಇಳಿಯುವ ಇಳಿಜಾರಿನಲ್ಲಿ ಸರಳು ಕಿತ್ತುಹೋಗಿ, ಅಂದಾನಪ್ಪ ಹರಿಗೋಲು ನಿಲ್ಲಿಸುವ ಬಂಡೆಗೆ ಹೋಗಿ ಬಡಿದ. ಮೂರು ದಿನ ನರಳಿ ಸತ್ತ.

ಹದಿನೈದು ದಿನ ಕಳೆದ ಮೇಲೆ ಅವನ ಹೆಂಡತಿ ಕೊಟ್ರಬಸಮ್ಮ ಬಂಡಿ ಕಟ್ಟಿಸಿಕೊಂಡು ಹೊಸಪೇಟೆಗೆ ಬಂದಳು. ಕುಲುಮೆಯ ಮುಂದೆ ಇಳಿದು, ಎರಡೂ ಕೈಯಲ್ಲಿ ಮಣ್ಣು ಬಾಚಿ ಒಳಗೆ ತೂರಿದಳು. "ಸ್ವಾತಿ ಮಳಿ ದಾಟಂಗಿಲ್ಲ ಅಂದೆಲ್ಲೋ! ನೀ ಅಂದದ್ದಕ್ಕೇ ಆತು! ನಿನ್ನ ಮನ್ಯಾಗ ಹೀಂಗ ಆಗ್ಲಿ, ಆಗ ಗೊತ್ತಾಕ್ಕೈತಿ ನಿನಗ!" ಎಂದು ಕೂಗಿದಳು. ರಸ್ತೆಯ ಜನವೆಲ್ಲ ನಿಂತು ನೋಡಿತು. ಸಂಜೆಯೊಳಗೆ ಗಾಳೆಪ್ಪನ ನಾಲಿಗೆಯ ಮೇಲೆ ಕರಿ ಮಚ್ಚೆ ಇದೆ ಎಂಬ ಸುದ್ದಿ ಹಬ್ಬಿತು. ನಾನೇ ಅವನ ಬಾಯಿ ತೆರೆಸಿ ನೋಡಿದೆ. ಎಲೆ ಅಡಿಕೆಯ ಕೆಂಪು ಬಿಟ್ಟರೆ ಅಲ್ಲಿ ಏನೂ ಇರಲಿಲ್ಲ. ಆದರೂ ಜನ ದಾರಿ ಬದಲಿಸಿ ನಡೆಯತೊಡಗಿದರು.

ಗಾಳೆಪ್ಪನ ಹೆಂಡತಿ ಭರಮಮ್ಮ ಹೆದರಿದಳು. ಮಣ್ಣು ತೂರಿದ ಶಾಪ ಮನೆಗೆ ತಟ್ಟುತ್ತದೆ ಎಂದು ಎರಡು ದಿನ ಒಲೆ ಹಚ್ಚಲಿಲ್ಲ. ಮೂರನೆಯ ದಿನ ನನ್ನನ್ನು ಸಾಕ್ಷಿಗೆ ಕರೆಸಿ, ದೇವರ ಗೂಡಿನ ಮುಂದೆ ಒಬ್ಬಳೇ ಮಗಳು ವಿರುಪಮ್ಮನನ್ನು ಕೂರಿಸಿದಳು. ಹುಡುಗಿಗೆ ಆಗ ಹದಿಮೂರು. ಗಾಳೆಪ್ಪನ ಬಲಗೈ ಹಿಡಿದು ಮಗಳ ನೆತ್ತಿಯ ಮೇಲೆ ಇರಿಸಿದಳು.

"ಇನ್ನ ಯಾವ ಗಾಡಿಗೂ ಆಯಸ್ಸು ಹೇಳಂಗಿಲ್ಲ ಅಂತ ಆಣಿ ಮಾಡ್ರಿ," ಎಂದಳು. "ಗಾಡಿ ಏರೋನಿಗೆ ಬಾಯಿಲೇ ಹೇಳಂಗಿಲ್ಲ, ಕೈಲೇ ತೋರಸಂಗಿಲ್ಲ. ಹೇಳಿದ್ರ ಈಕಿ ತಲಿ ಮ್ಯಾಲೆ."

ಗಾಳೆಪ್ಪ ನನ್ನ ಮುಖ ನೋಡಿದ. ನಾನು, ದೊಡ್ಡ ಬಾಯಿಯವನು, "ಮಾಡಿಬಿಡಪಾ, ಮನ್ಯಾಗ ಒಲಿ ಹತ್ಲಿ," ಎಂದುಬಿಟ್ಟೆ. ಅವನು ಆಣೆ ಮಾಡಿದ.

ಅಂದಿನಿಂದ ಯಾರೇ ಗಾಡಿ ತಂದರೂ ಕಡ್ಡಿ ಕಚ್ಚಿ ಕೇಳುತ್ತಿದ್ದ, ರಿಪೇರಿ ಮಾಡುತ್ತಿದ್ದ. ಎಷ್ಟು ದಿನ ಬಾಳುತ್ತದೆ ಎಂದು ಕೇಳಿದರೆ "ದೇವ್ರದಾನ, ನೋಡ್ಕೊಂತಾನ" ಎನ್ನುತ್ತಿದ್ದ. ಜನಕ್ಕೆ ಅದೇ ಹಿತವಾಯಿತು. ಮತ್ತೆ ಗಿರಾಕಿಗಳು ಬಂದರು. ಗಾಡಿಗಳು ಮಾತ್ರ ಮೊದಲಿನಂತೆಯೇ ಮುರಿಯುತ್ತಿದ್ದವು, ಯಾರಿಗೂ ಮುಂಚೆ ಗೊತ್ತಾಗುತ್ತಿರಲಿಲ್ಲ ಅಷ್ಟೇ.

ನಾಲ್ಕು ವರ್ಷದ ಮೇಲೆ ವಿರುಪಮ್ಮನ ಮದುವೆಯಾಯಿತು. ನಮ್ಮ ಕಡೆಯ ರೂಢಿಯಂತೆ ಸೋದರಮಾವನಿಗೇ ಕೊಟ್ಟರು. ಹುಡುಗ ಪಂಪಣ್ಣ, ಭರಮಮ್ಮನ ಕೊನೆಯ ತಮ್ಮ. ತಾಯಿ ಇಲ್ಲದ ಅವನನ್ನು ಗಾಳೆಪ್ಪನೇ ಸಾಕಿ ಓದಿಸಿದ್ದ. ಸಂಡೂರಿನ ಗುಡ್ಡದಲ್ಲಿ ಅದಿರು ತೆಗೆಸುವ ಒಬ್ಬ ಗುತ್ತಿಗೆದಾರರ ಬಳಿ ಪಂಪಣ್ಣ ಮೇಸ್ತ್ರಿಯಾಗಿದ್ದ. ವ್ಯಾಗನ್ನಿನ ಕಾಗದ ಪತ್ರ ಹಿಡಿದು ವಾರಕ್ಕೆ ಮೂರು ಸಲ ಹೊಸಪೇಟೆ ಸ್ಟೇಷನ್ನಿನಿಂದ ಗುಡ್ಡಕ್ಕೆ ಹೋಗಿ ಬರಬೇಕು. ಎತ್ತಿನ ಬಂಡಿಯಲ್ಲಿ ಹೋಗಿ ಬೇಸತ್ತಿದ್ದ.

ಮೂವತ್ತಾರನೆಯ ಇಸವಿಯ ಸಂಕ್ರಾಂತಿ ಕಳೆದ ವಾರ ಅವನು ಒಂದು ಸಣ್ಣ ಫಟಫಟಿ ಏರಿ ಕುಲುಮೆಯ ಮುಂದೆ ಬಂದಿಳಿದ. ಊರು ಬಿಟ್ಟು ಹೋದ ಸರ್ವೆ ದೊರೆಯೊಬ್ಬ ಮಾರಿದ್ದು. ಹೊಸದಾಗಿ ಕರಿ ಬಣ್ಣ ಹೊಡೆದಿದ್ದರು, ಹಣೆಗೆ ಕುಂಕುಮ ಹಚ್ಚಿ ಹ್ಯಾಂಡಲ್ಲಿಗೆ ನಿಂಬೆಹಣ್ಣು ಕಟ್ಟಿದ್ದರು. ಪಂಪಣ್ಣನ ಮುಖದಲ್ಲಿ ಸಂತೋಷ ತುಂಬಿ ತುಳುಕುತ್ತಿತ್ತು.

ಗಾಳೆಪ್ಪ ಇಂಜಿನ್ನಿಗೆ ಕಡ್ಡಿ ಒತ್ತಿ ಕೇಳಿದ. ತಲೆಯಾಡಿಸಿದ. ಇಂಜಿನ್ ಚೆನ್ನಾಗಿತ್ತು. ಆಮೇಲೆ ಚೌಕಟ್ಟನ್ನು ಬಡಿಯುತ್ತ ಮುಂದಕ್ಕೆ ಬಂದ. ಹ್ಯಾಂಡಲ್ಲಿನ ಕೆಳಗೆ, ಮುಂದಿನ ಗಾಲಿಯ ಕವಲು ಬಂದು ಸೇರುವ ಕುತ್ತಿಗೆಯ ಹತ್ತಿರ ಬಡಿದವನು ಅಲ್ಲೇ ನಿಂತ. ಮತ್ತೊಮ್ಮೆ ಬಡಿದ. ಕಡ್ಡಿ ಹಲ್ಲಿನಲ್ಲೇ ಇತ್ತು. ಅವನ ಮುಖದ ಬಣ್ಣ ಇಳಿದದ್ದನ್ನು ನಾನು ನನ್ನ ಅಂಗಡಿಯ ಕಟ್ಟೆಯಿಂದ ನೋಡಿದೆ.

"ಹೆಂಗೈತಿ ಮಾವಾ?" ಎಂದ ಪಂಪಣ್ಣ.

"ಇಲ್ಲೇ ಬಿಡು," ಎಂದ ಗಾಳೆಪ್ಪ. "ಒಂದು ಸಾಮಾನು ಮದರಾಸಿನಿಂದ ಬರಬೇಕು."

ಮದರಾಸಿನಿಂದ ಬರಬೇಕಾದ ಸಾಮಾನು ಯಾವುದೂ ಇರಲಿಲ್ಲ. ಚೌಕಟ್ಟು ಒಡೆದರೆ ಹೊಸ ಚೌಕಟ್ಟೇ ಆಗಬೇಕು, ಕುಲುಮೆಯಲ್ಲಿ ಬೆಸುಗೆ ಹಾಕಿದರೆ ಘಟ್ಟದ ಕುಲುಕಾಟಕ್ಕೆ ನಿಲ್ಲುವುದಿಲ್ಲ. ಗಾಳೆಪ್ಪ ಐದು ವಾರ ಗಾಡಿಯನ್ನು ಒಳಗೆ ಗೋಣಿತಾಟು ಹೊದಿಸಿ ಇಟ್ಟ. ಪಂಪಣ್ಣ ದಿನ ಬಿಟ್ಟು ದಿನ ಬಂದು ಕೇಳುತ್ತಿದ್ದ. ಕೊನೆಗೆ ಒಂದು ಮಧ್ಯಾಹ್ನ ಇಬ್ಬರಿಗೂ ಮಾತಾಯಿತು. ತಟ್ಟಿ ಗೋಡೆಯ ಈಚೆಗೆ ನಾನು ಎಲ್ಲವನ್ನೂ ಕೇಳಿಸಿಕೊಂಡೆ.

"ಇದು ಬ್ಯಾಡ ಪಂಪಾ. ಮಾರಿಬಿಡು."

"ಯಾಕ ಮಾರ್ಲಿ? ಇಂಜಿನ್ ಗಟ್ಟಿ ಐತಿ ಅಂತ ನೀವ ಗೋಣು ಹಾಕಿದ್ರಿ."

"ಬ್ಯಾಡ ಅಂದ್ನೆಲ್ಲಾ."

"ಮಾವಾ, ಊರ ಮಂದಿ ಗಾಡಿಗೆಲ್ಲಾ ಆಯಸ್ಸು ಹೇಳಿದೋರು ನೀವು. ಇದಕ್ಕೂ ಹೇಳ್ರಿ. ಇಂಥಾ ಮಳಿ ದಾಟಂಗಿಲ್ಲ ಅನ್ರಿ ಸಾಕು, ಇವತ್ತ ಮಾರ್ತೀನಿ. ನಿಮ್ಮ ಮಾತಿನ ಮ್ಯಾಲೆ ನನಗ ಅಷ್ಟು ನಂಬಿಕಿ ಐತಿ."

ಆಚೆ ತಿದಿ ಊದುವುದು ನಿಂತಿತ್ತು. ಆಣೆಯ ವಿಷಯ ಪಂಪಣ್ಣನಿಗೆ ಗೊತ್ತಿರಲಿಲ್ಲ; ಆಣೆ ಮಾಡಿದಾಗ ಅವನು ಗುಡ್ಡದಲ್ಲಿದ್ದ, ಯಾರಿಗೂ ಹೇಳಬಾರದೆಂದು ಭರಮಮ್ಮ ಮಗಳಿಗೂ ನಮಗೂ ಕಟ್ಟು ಮಾಡಿದ್ದಳು. ಮತ್ತು ಆ ಹೊತ್ತಿಗೆ ವಿರುಪಮ್ಮ ಐದು ತಿಂಗಳ ಬಸುರಿ.

"ದೇವ್ರದಾನ," ಎಂದ ಗಾಳೆಪ್ಪ.

"ದೇವ್ರದಾನ ಅಂದಮ್ಯಾಲೆ ಇನ್ನೇನು!" ಎಂದು ನಕ್ಕು ಪಂಪಣ್ಣ ಗೋಣಿತಾಟು ಕಿತ್ತೆಸೆದು ಗಾಡಿ ಹೊರಗೆ ತಂದ. ಅಂದಿನಿಂದ ವಾರಕ್ಕೆ ಮೂರು ಸಲ ಆ ಸದ್ದು ನಮ್ಮ ರಸ್ತೆಯಲ್ಲಿ ಹೋಗುವುದು, ಬರುವುದು. ಹೋಗುವಾಗ ಗಾಳೆಪ್ಪ ಕೆಲಸ ನಿಲ್ಲಿಸುತ್ತಿದ್ದ. ಮರಳಿ ಬರುವ ಸದ್ದು ಕೇಳುವ ತನಕ ಕುಲುಮೆಯಿಂದ ಸುತ್ತಿಗೆಯ ಸಪ್ಪಳ ಬರುತ್ತಿರಲಿಲ್ಲ. ಆ ದಿನಗಳಲ್ಲಿ ನನ್ನ ಎಣ್ಣೆ ಡಬ್ಬಿಗಳು ಅಲುಗದೆ ನಿಂತಿರುತ್ತಿದ್ದವು.

ಯುಗಾದಿಗೆ ಎಂಟು ದಿನ ಇರುವಾಗ ಪಂಪಣ್ಣ ಗಾಲಿಗೆ ಗಾಳಿ ತುಂಬಿಸಲು ಗಾಡಿ ಬಿಟ್ಟು ಊಟಕ್ಕೆ ಹೋದ. ಗಾಳೆಪ್ಪ ನನ್ನನ್ನು ಒಳಗೆ ಕರೆದ. ಉಗುರಿನಿಂದ ಗಾಡಿಯ ಕುತ್ತಿಗೆಯ ಕರಿ ಬಣ್ಣ ಕೆರೆದು ತೋರಿಸಿದ. ಕೂದಲಿನಷ್ಟು ಸಣ್ಣ ಗೆರೆ, ಅರ್ಧ ಸುತ್ತು ಬಂದಿತ್ತು. ಯಾರೋ ಹಿಂದೆ ಹಿತ್ತಾಳೆ ಕರಗಿಸಿ ಮುಚ್ಚಿ ಬಣ್ಣ ಬಳಿದಿದ್ದರು.

"ಎಷ್ಟು ದಿನ?" ಎಂದೆ.

ಅವನು ಬಾಯಿ ತೆರೆಯಲಿಲ್ಲ. ನನ್ನನ್ನೇ ನೋಡುತ್ತ ನಿಂತ. ಆಯಸ್ಸು ಬಾಯಲ್ಲಿ ಆಡಬಾರದು, ಗಾಡಿ ಏರುವವನಿಗೆ ತೋರಿಸಬಾರದು ಎಂದು ಆಣೆ. ನಾನು ಗಾಡಿ ಏರುವವನಲ್ಲ. ನನಗೆ ತಿಳಿಸಿದರೆ ನಾನು ಪಂಪಣ್ಣನಿಗೆ ತಿಳಿಸುತ್ತೇನೆ ಎಂದು ಅವನು ನಂಬಿದ್ದ. ಇಷ್ಟು ದೊಡ್ಡ ಬಾಯಿಯವನು ಸುಮ್ಮನಿರುತ್ತಾನೆ ಎಂದು ಯಾರಾದರೂ ಹೇಗೆ ತಿಳಿಯಬೇಕು?

ನಾನು ಮಳೆಗಳ ಹೆಸರು ಹೇಳತೊಡಗಿದೆ. "ಅಶ್ವಿನಿ?" ಅವನು ಕದಲಲಿಲ್ಲ. "ಭರಣಿ?" ಇಲ್ಲ. "ಕೃತ್ತಿಕೆ?"

ಗಾಳೆಪ್ಪ ಕೈಯಲ್ಲಿದ್ದ ಜಾಲಿ ಕಡ್ಡಿಯನ್ನು ನೆಲಕ್ಕೆ ಇಟ್ಟ. ಗೋಡೆಯ ಕಡೆ ತಿರುಗಿ ನಿಂತ.

ಹೇಳಬೇಕೆಂದೇ ನಾನು ಹೊರಟೆ, ಅದಂತೂ ಸುಳ್ಳಲ್ಲ. ಯುಗಾದಿ ಕಳೆದ ನಾಲ್ಕನೆಯ ದಿನ ಚಿತ್ತವಾಡ್ಗಿಯಲ್ಲಿದ್ದ ಪಂಪಣ್ಣನ ಮನೆಗೆ ಹೋದೆ. ಹೋದರೆ ಅಲ್ಲಿ ವಿರುಪಮ್ಮನ ಕುಬುಸ, ಬಸುರಿಯ ಸೀಮಂತ. ಹಸಿರು ಸೀರೆ, ಕೈ ತುಂಬ ಹಸಿರು ಬಳೆ, ಮುಡಿ ತುಂಬ ಮಲ್ಲಿಗೆ. ಹೆಂಗಸರು ಆರತಿ ಹಿಡಿದು ಹಾಡುತ್ತಿದ್ದರು. "ಕಾಕಾ, ಕರಿಲಾರದ ಬಂದ್ರೆಲ್ಲಾ, ಭಾಳ ಚಲೋ ಆತು, ಕುಂದ್ರಿ," ಎಂದು ವಿರುಪಮ್ಮನೇ ನಕ್ಕಳು. ಎಲೆ ಹಾಕಿ ಹೋಳಿಗೆ ಬಡಿಸಿದರು. ಪಂಪಣ್ಣ ನನ್ನ ಎಲೆಗೆ ತುಪ್ಪ ಸುರಿದ. ಅಂಥ ಮನೆಯಲ್ಲಿ ಕೂತು ಸಾವಿನ ಮಾತು ಆಡಲೇ? ನಾಳೆ ಹೇಳಿದರಾಯಿತು ಎಂದು ಹೋಳಿಗೆ ತಿಂದು ಎದ್ದು ಬಂದೆ.

ನಾಳೆ ಎನ್ನುವುದು ಒಂದೂವರೆ ತಿಂಗಳಾಯಿತು. ಹೆರಿಗೆಯಾಗಲಿ ಎಂದು ಒಮ್ಮೆ ಅಂದುಕೊಂಡೆ. ಅಮಾವಾಸ್ಯೆ ಎಂದು ಒಮ್ಮೆ ಬಿಟ್ಟೆ. ಇವೆಲ್ಲ ನೆಪ. ನಿಜ ಹೇಳುತ್ತೇನೆ. ಕೊಟ್ರಬಸಮ್ಮ ತೂರಿದ ಮಣ್ಣು ನನ್ನ ಕಣ್ಣ ಮುಂದೆ ಇತ್ತು. ನಾನು ಹೇಳಿ, ಅದು ಆಗಿಬಿಟ್ಟರೆ, ಆ ಮಣ್ಣು ನನ್ನ ಅಂಗಡಿಗೆ ಬೀಳುತ್ತದೆ. ಉಜ್ಜಿನಪ್ಪ ಅಂದದ್ದಕ್ಕೇ ಆಯಿತು ಎನ್ನುತ್ತಾರೆ. ಮಚ್ಚೆಯೂ ಇಲ್ಲ ಮಣ್ಣೂ ಇಲ್ಲ ಎಂದು ಊರಿಗೆಲ್ಲ ಬುದ್ಧಿ ಹೇಳಿದವನ ಹೊಟ್ಟೆಯೊಳಗೆ ಅದೇ ಹೆದರಿಕೆ ಕೂತಿತ್ತು. ಹೇಡಿತನಕ್ಕೆ ಬೇರೆ ಹೆಸರಿಲ್ಲ.

ಕೃತ್ತಿಕೆ ಮಳೆ ಹುಟ್ಟಿದ ಮೂರನೆಯ ದಿನ ಬೆಳಗ್ಗೆ ಪಂಪಣ್ಣ ನನ್ನ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿದ. ಇಂಜಿನ್ನಿಗೆ ಹಾಕಲು ಹರಳೆಣ್ಣೆ ಬೇಕೆಂದ. ಮೋಡ ಕಟ್ಟಿತ್ತು, ಗಾಳಿ ಬಿದ್ದುಹೋಗಿತ್ತು. ನಾನು ಎಣ್ಣೆ ಅಳೆದು ಸೀಸೆಗೆ ಸುರಿಯುವಾಗ ಅರ್ಧ ಪಾವು ಕೆಳಗೆ ಚೆಲ್ಲಿತು.

"ಏನ್ ಕಾಕಾ, ವಯಸ್ಸಾತೇನು?" ಎಂದು ನಕ್ಕ.

ಈಗ ಹೇಳಬೇಕು ಎಂದುಕೊಂಡೆ. ಆದರೆ ಅವನು ಆಗಲೇ ಗಾಡಿ ಏರಿದ್ದ. ಹೊರಟು ನಿಂತವನಿಗೆ ಕೆಟ್ಟ ಮಾತು ಆಡಬಾರದು, ಎಲ್ಲಿಗೆ ಎಂದು ಕೂಡ ಕೇಳಬಾರದು. ಹುಟ್ಟಿದಾಗಿನಿಂದ ಕಲಿತದ್ದು ನಾಲಿಗೆಯನ್ನು ಹಿಡಿದುಕೊಂಡಿತು. ತಟ್ಟಿ ಗೋಡೆಯ ಆಚೆ ಸುತ್ತಿಗೆ ನಿಂತಿತ್ತು. ಗಾಳೆಪ್ಪ ಕೇಳುತ್ತಿದ್ದ, ನಾನು ಏನಾದರೂ ಹೇಳುತ್ತೇನೋ ಎಂದು ಕಾಯುತ್ತಿದ್ದ.

"ಬರ್ತೀನಿ ಕಾಕಾ."

"ನಿಧಾನ ಹೋಗು," ಎಂದೆ ನಾನು.

ಮರುದಿನ ಅದಿರು ಬಂಡಿಯವರು ಅವನನ್ನು ತಂದರು. ಹೋದ ದಿನವೇ ಘಟ್ಟ ಇಳಿಯುವಾಗ ಕೊರಕಲಿಗೆ ಮುಂದಿನ ಗಾಲಿ ಬಿದ್ದು ಕುತ್ತಿಗೆ ಮುರಿದಿತ್ತು, ಗಾಡಿಯದೂ ಅವನದೂ. ಕಂಬಳಿಯ ಮೇಲೆಲ್ಲ ಕೆಂಪು ದೂಳು ಕೂತಿತ್ತು. ಇನ್ನೊಂದು ಬಂಡಿಯಲ್ಲಿ ಗಾಡಿ ಎರಡು ತುಂಡಾಗಿ ಬಂತು. ಗಾಳೆಪ್ಪ ಹೆಣದ ಹತ್ತಿರ ಹೋಗುವ ಮುಂಚೆ ಆ ಮುರಿದ ಜಾಗಕ್ಕೆ ಹೋಗಿ ಬೆರಳಿಟ್ಟ. ಮುಕ್ಕಾಲು ಸುತ್ತು ಹಳೆಯ ಬಿರುಕು, ಕರ‍್ರಗೆ ತುಕ್ಕು ಹಿಡಿದಿತ್ತು. ಒಂದು ಬೆರಳಿನ ಅಗಲ ಮಾತ್ರ ಹೊಸದಾಗಿ ಮುರಿದು ಬೆಳ್ಳಗೆ ಹೊಳೆಯುತ್ತಿತ್ತು. ಕೊನೆಯ ದಿನದ ತನಕ ಅಷ್ಟೇ ಕಬ್ಬಿಣ ಅವನನ್ನು ಹಿಡಿದುಕೊಂಡಿತ್ತು.

ಭರಮಮ್ಮ ಅಳಲಿಲ್ಲ. ತಮ್ಮನ ಕಾಲು ಹಿಡಿದು ಕೂತು, "ನಾನ ಬಾಯಿ ಕಟ್ಟಿದ್ನೋ, ನಾನ ಕಟ್ಟಿದ್ನೋ," ಎನ್ನುತ್ತಿದ್ದಳು. ಸುತ್ತಲಿದ್ದವರಿಗೆ ಅರ್ಥವಾಗಲಿಲ್ಲ. ವಿರುಪಮ್ಮ ಮಾತ್ರ ತಲೆ ಎತ್ತಿ ತಾಯಿಯನ್ನು ನೋಡಿದಳು.

ಮೃಗಶಿರ ಮಳೆಯಲ್ಲಿ ಅವಳಿಗೆ ಹೆಣ್ಣು ಕೂಸು ಹುಟ್ಟಿತು. ಶ್ರಾವಣದಲ್ಲಿ ಒಂದು ದಿನ ಕೂಸನ್ನು ಎತ್ತಿಕೊಂಡು ಕುಲುಮೆಗೆ ಬಂದಳು. ನಾನು ಗಾಳೆಪ್ಪನ ಹತ್ತಿರವೇ ಕೂತಿದ್ದೆ. ಯಾರದೋ ಗಾಡಿ ರಿಪೇರಿಗೆ ನಿಂತಿತ್ತು.

"ಅಪ್ಪಾ, ನಿನಗ ಗೊತ್ತಿತ್ತು, ಹೌದಲ್ಲೋ?"

"ಗೊತ್ತಿತ್ತವ್ವಾ."

"ಯಾವ ಮಳಿ ಅಂತ ಕೂಡ?"

"ಯಾವ ಮಳಿ ಅಂತ ಕೂಡ."

"ಮತ್ತ ಯಾಕ ಹೇಳ್ಲಿಲ್ಲ?"

"ನಿನ್ನ ತಲಿ ಮುಟ್ಟಿದ್ದೆ. ನಿನ್ನ ಹೊಟ್ಟ್ಯಾಗ ಕೂಸಿತ್ತು." ಗಾಳೆಪ್ಪ ಗೊಳೋ ಎಂದು ಅತ್ತ. ಅವನು ಹಾಗೆ ಅತ್ತದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ.

ವಿರುಪಮ್ಮ ಕೂಸನ್ನು ನನ್ನ ತೊಡೆಯ ಮೇಲೆ ಮಲಗಿಸಿ, ಅಪ್ಪನ ಮಸಿ ಹಿಡಿದ ಕೈಯನ್ನು ತೆಗೆದುಕೊಂಡು ತನ್ನ ನೆತ್ತಿಯ ಮೇಲೆ ಇಟ್ಟುಕೊಂಡಳು. "ಆ ಆಣಿ ಇವತ್ತು ತಗದೆ. ಇದು ಹೊಸಾದು. ಇನ್ನ ಮ್ಯಾಲೆ ಯಾರ ಗಾಡಿ ಬಂದ್ರೂ ಹೇಳ್ಬೇಕು. ಕೇಳಿದೋರಿಗೂ ಹೇಳ್ಬೇಕು, ಕೇಳಲಾರದೋರಿಗೂ ಹೇಳ್ಬೇಕು. ಮಣ್ಣು ತೂರಿದ್ರ ತೂರ್ಲಿ, ನಾ ಕಸಬರಿಗಿ ಹಿಡ್ಕೊಂಡು ಇಲ್ಲೇ ಇರ್ತೀನಿ." ಆಮೇಲೆ ನನ್ನ ಕಡೆ ತಿರುಗಿದಳು. "ಕಾಕಾ, ನಿಮಗೇನರ ಗೊತ್ತಿತ್ತೇನ್ರಿ?"

ಕೂಸು ನನ್ನ ಬೆರಳು ಹಿಡಿದುಕೊಂಡಿತ್ತು.

"ಇಲ್ಲವ್ವಾ," ಎಂದೆ.

ಗಾಳೆಪ್ಪ ನನ್ನನ್ನು ಒಮ್ಮೆ ನೋಡಿದ. ಜಾಲಿ ಕಡ್ಡಿಯನ್ನು ಎತ್ತಿ ಹಲ್ಲಿನಲ್ಲಿ ಕಚ್ಚಿಕೊಂಡು ಆ ಗಾಡಿಯ ಇಂಜಿನ್ನಿಗೆ ಬಾಗಿದ. ಇಂಜಿನ್ ಚಾಲೂ ಇರಲಿಲ್ಲ.

ಅವನು ಆಮೇಲೆ ಎಂಟು ವರ್ಷ ಬದುಕಿದ. ಬಂದ ಗಾಡಿಗೆಲ್ಲ ಗಟ್ಟಿಯಾಗಿ ಆಯಸ್ಸು ಹೇಳಿದ. ಕೆಲವರು ಬೈದರು, ಕೆಲವರು ಗಾಡಿ ಬಿಟ್ಟು ಬಂಡಿ ಹತ್ತಿ ಬದುಕಿಕೊಂಡರು. ನಾನು ಹೇಳಿದ ಆ ಒಂದು ಸುಳ್ಳಿನ ಬಗ್ಗೆ ಮಾತ್ರ ಅವನು ಸಾಯುವ ತನಕ ಬಾಯಿ ಬಿಡಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ವಿರುಪಮ್ಮ ಈಗಲೂ ಪ್ರತಿ ವರ್ಷ ಕೃತ್ತಿಕೆ ಮಳೆಯ ಮೂರನೆಯ ದಿನ ಗಂಡನ ಹೆಸರಿನ ದೀಪಕ್ಕೆ ನನ್ನ ಅಂಗಡಿಯಿಂದಲೇ ಎಣ್ಣೆ ಒಯ್ಯುತ್ತಾಳೆ. ನಮ್ಮೂರಲ್ಲಿ ಅವನ ಕೊನೆಯ ಮಾತು ಕೇಳಿದವನು ನಾನಂತೆ. ಪ್ರತಿ ಸಲ ಕೇಳುತ್ತಾಳೆ, ಪ್ರತಿ ಸಲ ಹೇಳುತ್ತೇನೆ.

"ಏನಂದ್ರು ಕಾಕಾ?"

"ಬರ್ತೀನಿ ಕಾಕಾ ಅಂದ."

"ನೀವೇನಂದ್ರಿ?"

"ನಿಧಾನ ಹೋಗು ಅಂದೆ."

"ಅಷ್ಟರ ಹೇಳಿದ್ರೆಲ್ಲಾ," ಎಂದು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಾಳೆ. "ಬ್ಯಾರೆ ಯಾರೂ ಅಷ್ಟೂ ಹೇಳ್ಲಿಲ್ಲ ನೋಡ್ರಿ ಅವರಿಗೆ."

ನಾನು ಎಣ್ಣೆ ಅಳೆದು ಕೊಡುತ್ತೇನೆ.